ಮೂರು ಫ್ಲಾಪಿ, ಒಂದು ಉದ್ಧರಣೆ ತೀರ್ಥ

ಆ ದಿನ ಕಂಪ್ಯೂಟರಿನ ಪರದೆಯ ಮೇಲೆ ಏನು ಬರೆದಿತ್ತು ಎಂದು ಕೇಳಿದರೆ ನಾನು ಪ್ರಮಾಣ ಮಾಡಿ ಹೇಳಲಾರೆ. ‘ಫ್ಲಾಪಿ ಕೆಟ್ಟಿದೆ’ ಎಂದಿತ್ತೆಂದು ವರ್ಷಗಟ್ಟಲೆ ಎಲ್ಲರಿಗೂ ಹೇಳುತ್ತ ಬಂದೆ. ‘ಕಡತ ಸಿಗುತ್ತಿಲ್ಲ’ ಎಂದಿತ್ತೇನೋ ಎಂಬ ಅನುಮಾನವೂ ಒಳಗೊಳಗೇ ಇತ್ತು. ನಾನು ಸೇಡಂನ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವವನು. ವಿಶ್ವವಿದ್ಯಾಲಯದಲ್ಲಿ ಸಂಶಯಪಡುವುದನ್ನು ಚೆನ್ನಾಗಿ ಕಲಿತೆ, ಕಲಿತದ್ದನ್ನು ಮನೆಗೂ ತಂದೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ತಿರುಗಿ ಬಂದು ನೋಡಿದ್ದುಂಟು. ನೋಡಿ ಹೋದ ಮೇಲೆ, ನಿಜವಾಗಿ ನೋಡಿದೆನೋ ಇಲ್ಲವೋ ಎಂದು ಮತ್ತೊಮ್ಮೆ ಬಂದದ್ದೂ ಉಂಟು.

ಇಂಥವನು ಕಂಪ್ಯೂಟರ್ ಕೊಂಡದ್ದು ಸಹಜವೇ. ಅವ್ವ ನನ್ನ ಹತ್ತಿರ ಇದ್ದಳು. ಅವಳ ಖರ್ಚನ್ನು ನಾನು, ಶಹಾಬಾದಿನ ತಮ್ಮ ಪ್ರಹ್ಲಾದ, ವಾಡಿಯ ತಂಗಿ ಸುಶೀಲಾ ಮೂವರೂ ಹಂಚಿಕೊಳ್ಳುತ್ತಿದ್ದೆವು. ಪ್ರತಿ ದೀಪಾವಳಿ ಪಾಡ್ಯದಂದು ಎಲ್ಲರೂ ಸೇರಿದಾಗ ನಾನು ಲೆಕ್ಕ ಓದಬೇಕು, ಆಮೇಲೆ ಲೆಕ್ಕದ ಪುಸ್ತಕಕ್ಕೆ ವಹಿಪೂಜೆ, ಆಮೇಲೆ ಊಟ. ಮನೆಲೆಕ್ಕದ ಒಂದು ತಂತ್ರಾಂಶ ಹಾಕಿಸಿಕೊಂಡು ಎಲ್ಲವನ್ನೂ ಅದರಲ್ಲಿ ತುಂಬಿದೆ. ನೆನಪಿನ ಹಂಗು ತಪ್ಪಿತು ಎಂದುಕೊಂಡೆ.

ಇನ್ನು ಅದರ ಪ್ರತಿ ಇಡಬೇಕಲ್ಲ. ಯಾವ ಬಗೆಯ ಕಡತವಾಗಿ ಉಳಿಸುವುದು? ತಂತ್ರಾಂಶದ ಸ್ವಂತ ರೂಪದಲ್ಲಿಟ್ಟರೆ ಅದು ಬಿಟ್ಟು ಬೇರೆ ಯಾವುದೂ ಓದಲಾರದು. ಸಾದಾ ಅಕ್ಷರದ ಕಡತ ಮಾಡಿದರೆ ಎಲ್ಲಿ ಬೇಕಾದರೂ ತೆರೆದೀತು, ಆದರೆ ಕೂಡುವ ಕಳೆಯುವ ಜಾಣತನ ಹೋಗುತ್ತದೆ. ಊಟಕ್ಕೆ ಕೂತರೂ ಇದೇ ಮಾತು. ಕೊನೆಗೆ ನನ್ನ ಹೆಂಡತಿ ವತ್ಸಲಾ, “ಯಾವ ಭರಣಿ ಛಲೋ ಅಂತ ನೋಡ್ಕೋತ ಕುಂತ್ರ ಮಾವಿನಕಾಯಿ ಕೊಳತು ಹೋಗ್ತಾವರಿ. ಮೊದಲ ಉಪ್ಪಿನಕಾಯಿ ಹಾಕ್ರಿ” ಎಂದಳು. ಸ್ವಂತ ರೂಪವೇ ಶ್ರೇಷ್ಠವೆಂದು ತೀರ್ಮಾನಿಸಿ ಮೂರು ಫ್ಲಾಪಿ ಮಾಡಿದೆ. ಒಂದು ಸೇಡಂನಲ್ಲಿ, ಒಂದು ವಾಡಿಯಲ್ಲಿ, ಒಂದು ಶಹಾಬಾದಿನಲ್ಲಿ. ಒಂದು ಊರು ಮುಳುಗಿದರೆ ಇನ್ನೊಂದು ಉಳಿಯಲಿ ಎಂದು. ನಮ್ಮ ಕಡೆ ಬೇಸಿಗೆಯಲ್ಲಿ ಕುಡಿಯಲು ನೀರು ಸಿಗುವುದೇ ಕಷ್ಟ, ಮುಳುಗುವ ಮಾತೆಲ್ಲಿ ಬಂತು ಎಂದು ಆಗ ಹೊಳೆಯಲಿಲ್ಲ.

ಹಬ್ಬದ ಹಿಂದಿನ ವಾರ ಕಂಪ್ಯೂಟರ್ ತೆವಳತೊಡಗಿತು. ರಿಪೇರಿಯವನು ಬಂದು, “ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕ್ರಿ ಸರ್. ನಿಮ್ ಡಾಟಾ ಬ್ಯಾರೆ ಕಡೆ ಐತೇನ್ರಿ?” ಎಂದ.

“ಮೂರು ಊರಲ್ಲಿದೆ, ಅಳಿಸು” ಎಂದೆ. ಅಷ್ಟು ಸಂಶಯವಿಲ್ಲದ ಮಾತನ್ನು ನಾನು ಅದಕ್ಕೆ ಮೊದಲೂ ಆಡಿಲ್ಲ, ಆಮೇಲೂ ಆಡಿಲ್ಲ.

ಆ ವರ್ಷದ ಲೆಕ್ಕಕ್ಕೆ ಒಂದು ವಿಶೇಷವಿತ್ತು. ಅವ್ವನ ಕಣ್ಣಿನ ಆಪರೇಷನ್ ಖರ್ಚು ತಾನೇ ಕೊಟ್ಟದ್ದೆಂದು ಪ್ರಹ್ಲಾದ ಊರೆಲ್ಲ ಹೇಳಿದ್ದ. ತಾನು ಕೊಟ್ಟದ್ದೆಂದು ಸುಶೀಲಾ ಹೇಳಿದ್ದಳು. ಇಬ್ಬರೂ ಮಾತು ಬಿಟ್ಟಿದ್ದರು. ಪಾಡ್ಯದ ದಿನ ಲೆಕ್ಕ ಓದಿದರೆ ಜಗಳ ತಾನಾಗಿಯೇ ಬಗೆಹರಿಯುತ್ತದೆ ಎಂದು ಅವ್ವ ಕಾದಿದ್ದಳು. “ಮೂರೂ ಫ್ಲಾಪಿ ಇಲ್ಲೇ ತರಿಸೋ. ಲಕ್ಷ್ಮೀನ ಮೂರು ಕಡೆ ಒಡದು ಇಟ್ರ ಮಕ್ಕಳೂ ಮೂರು ಕಡೆನೇ ಆಗ್ತಾರ” ಎಂದಳು. ಪ್ರಹ್ಲಾದ, ಸುಶೀಲಾ ಇಬ್ಬರೂ ತಮ್ಮ ತಮ್ಮ ಫ್ಲಾಪಿ ಹಿಡಿದು ಬಂದರು. ಒಬ್ಬರು ಪಡಸಾಲೆಯಲ್ಲಿ ಕೂತರು, ಒಬ್ಬರು ಅಡುಗೆಮನೆಯಲ್ಲಿ.

ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ದೇವರ ಮುಂದೆ, ವಹಿ ಇಡುವ ಮಣೆಯ ಮೇಲೆ, ಮೂರೂ ಫ್ಲಾಪಿ ಮಲಗಿದ್ದವು. ಅರಿಶಿನ, ಕುಂಕುಮ, ಅಕ್ಷತೆ. ನನ್ನ ಕಣ್ಣೆದುರಿಗೇ ಅವ್ವ ಒಂದು ಉದ್ಧರಣೆ ತೀರ್ಥವನ್ನು ಭಕ್ತಿಯಿಂದ ಅವುಗಳ ಮೇಲೆ ಬಿಟ್ಟಳು. ಓಡಿಹೋಗಿ ಮೂರನ್ನೂ ಎತ್ತಿಕೊಂಡೆ. ಒರೆಸಿದೆ, ಫ್ಯಾನಿನ ಕೆಳಗೆ ಹಿಡಿದೆ, ಕಂಪ್ಯೂಟರಿಗೆ ಹಾಕಿದೆ. ಒಂದೂ ಲೆಕ್ಕ ಕೊಡಲಿಲ್ಲ. ಮೂರನೆಯದನ್ನು ವತ್ಸಲಾ ತಾನೇ ತಳ್ಳಿದಳು. ಅದೂ ಇಲ್ಲ.

“ತೀರ್ಥ ಒಳಗೆ ಹೋಗಿದೆ. ಎಲ್ಲ ಮುಗಿಯಿತು” ಎಂದೆ.

“ಮುಗೀತಂದ್ರ? ನಾ ಕೊಟ್ಟಿದ್ದೂ ಮುಗೀತೇನು?” ಪ್ರಹ್ಲಾದ ಎದ್ದು ನಿಂತ.

“ನೀ ಏನು ಕೊಟ್ಟಿದ್ದಿ? ದವಾಖಾನಿಗೆ ಬಂದು ಚಾ ಕುಡದು ಹೋದಿ!” ಅಡುಗೆಮನೆಯಿಂದ ಸುಶೀಲಾ.

“ಸಾಕು ಬಿಡ್ರೋ. ಬಲಗಣ್ಣು ಅವಂದು, ಎಡಗಣ್ಣು ಆಕಿದು ಅಂತ ತಿಳೀರಿ. ನನಗಂತೂ ಇಬ್ಬರೂ ಕಾಣ್ಲಿಕತ್ತೀರಿ” ಎಂದಳು ಅವ್ವ. ನಗು ಮೊದಲು ಸುಶೀಲಾಗೆ ಬಂತು. ಊಟಕ್ಕೆ ಇಬ್ಬರೂ ಒಂದೇ ಸಾಲಿನಲ್ಲಿ ಕೂತರು, ಮಾತು ಮಾತ್ರ ಸಂಕ್ರಮಣಕ್ಕೆ ಶುರುವಾಯಿತು.

ಆದರೆ ಅವ್ವ ಬದಲಾದಳು. ಹೊಸ ಮಿಕ್ಸರ್ ಬಂದಾಗ ಕುಂಕುಮವನ್ನು ಅದರ ರಟ್ಟಿನ ಪೆಟ್ಟಿಗೆಗೆ ಹಚ್ಚಿದಳು. ಫ್ರಿಜ್ ಬಂದಾಗ ದೂರದಿಂದಲೇ ಕೈಮುಗಿದು, “ಇದಕ್ಕ ನೀರು ತಾಕಿದ್ರ ನಡೀತದೇನೋ?” ಎಂದು ನನ್ನನ್ನು ಕೇಳಿದಳು. ತೀರ್ಥದ ಬಟ್ಟಲನ್ನು ಬೆನ್ನ ಹಿಂದೆ ಮರೆಮಾಡಿದ್ದಳು.

ಎಷ್ಟೋ ವರ್ಷಗಳ ಮೇಲೆ ಮನೆ ಬದಲಿಸುವಾಗ ಆ ಫ್ಲಾಪಿಗಳು ಸಿಕ್ಕವು, ಕುಂಕುಮ ಒಣಗಿ ಕಂದಾಗಿತ್ತು. ಕಾಲೇಜಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಯಂತ್ರಕ್ಕೆ ಸುಮ್ಮನೆ ಒಂದನ್ನು ಹಾಕಿದೆ. ತೆರೆಯಿತು! ಒಳಗೆ ನನ್ನ ಲೆಕ್ಕದ ಹೆಸರು ಹೊತ್ತ ಒಂದು ಚಿಕ್ಕ ಚಿತ್ರ, ಅದರ ಮೂಲೆಯಲ್ಲಿ ಬಾಗಿದ ಬಾಣ. ಶಾರ್ಟ್‌ಕಟ್. ಅದು ಕಡತವಲ್ಲ, ಕಡತ ಎಲ್ಲಿದೆಯೆಂದು ತೋರಿಸುವ ಗುರುತು. ವಾಡಿಗೆ ದಾರಿ ತೋರಿಸುವ ಫಲಕವನ್ನು ಕಿತ್ತು ತಂದು, ವಾಡಿಯೇ ನನ್ನ ಚೀಲದಲ್ಲಿದೆ ಎಂದು ನಂಬಿದ ಹಾಗೆ. ಆ ಕಡತವಿದ್ದದ್ದು ನಾನೇ ‘ಅಳಿಸು’ ಎಂದ ಕಂಪ್ಯೂಟರಿನಲ್ಲಿ.

ತಪ್ಪು ತೀರ್ಥದ್ದಲ್ಲ, ನನ್ನದು ಎಂದು ಅವ್ವನಿಗೆ ಹೇಳಿದೆ.  “ಖರೇ ಹೇಳು. ನೆನಪಿನ ಮ್ಯಾಲೆ ಹೇಳ್ಲಿಕತ್ತಿಯೋ, ನೋಡಿ ಹೇಳ್ಲಿಕತ್ತಿಯೋ? ನೀ ನೋಡಿದ್ದು ಒಂದೇ ಅಲ್ಲೇನು?”

ಮರುದಿನ ಉಳಿದ ಎರಡನ್ನೂ ಒಯ್ದು ಹಾಕಿದೆ. ಸಂಶಯ ಬೇಡವೆಂದು ಇನ್ನೊಮ್ಮೆ ಹಾಕಿದೆ. ತೀರ್ಥ ಬಿದ್ದ ಮೂರು ಫ್ಲಾಪಿಗಳೂ ಚೆನ್ನಾಗಿವೆ. ಮೂರರಲ್ಲೂ ಬಾಣ ಮಾತ್ರ ಇದೆ.