ರಜೆಯ ಮರುಹುಟ್ಟು

ಕಚೇರಿಯಲ್ಲಿ ಅವನನ್ನು ಎಲ್ಲರೂ ಆಪದ್ಬಾಂಧವ ಎಂದೇ ಕರೆಯುತ್ತಿದ್ದರು. ಸಂಬಳ, ದಾಸ್ತಾನು, ಹಾಜರಿ, ರಜೆ ಎಲ್ಲವೂ ಒಂದೇ ಹಳೆಯ ಸಾಫ್ಟ್‌ವೇರಿನಲ್ಲಿ ಅವಿಭಕ್ತ ಕುಟುಂಬದಂತೆ ಬದುಕಿದ್ದವು. ಒಂದಕ್ಕೆ ನೆಗಡಿಯಾದರೆ ಎಲ್ಲವೂ ಹಾಸಿಗೆ ಹಿಡಿಯುತ್ತಿದ್ದವು. ಎಬ್ಬಿಸಿ ಕೂರಿಸಲು ಅವನೇ ಬೇಕು, ಆಗೆಲ್ಲ ಅವನ ರಜೆ ರದ್ದು. ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಮದುವೆಯಾದಾಗಿನಿಂದ ಹೇಳುತ್ತಲೇ ಇದ್ದ.

ಅದಕ್ಕೇ ವರ್ಷವಿಡೀ ಹೆಣಗಿ ಆ ಕುಟುಂಬವನ್ನು ಪಾಲು ಮಾಡಿದ. ಪ್ರತಿ ಕೆಲಸಕ್ಕೂ ಒಂದು ಪುಟ್ಟ ಸೇವೆ, ಪ್ರತಿ ಸೇವೆಗೂ ಕಂಟೇನರ್ ಎಂಬ ಅದರದೇ ಬೇರೆ ಡಬ್ಬಿ, ಎಲ್ಲವನ್ನೂ ನೋಡಿಕೊಳ್ಳಲು ಕ್ಲಸ್ಟರ್ ಎಂಬ ಬಾಡಿಗೆಯ ಕಂಪ್ಯೂಟರುಗಳ ಗುಂಪು. ಒಂದು ಬಿದ್ದರೆ ಅಂಥದೇ ಇನ್ನೊಂದನ್ನು ಕ್ಲಸ್ಟರೇ ಎಬ್ಬಿಸಿ ನಿಲ್ಲಿಸುತ್ತದೆ, ಆಪದ್ಬಾಂಧವ ಬೇಕಿಲ್ಲ.

ಬೆಳಿಗ್ಗೆ ಹೊಸ ವ್ಯವಸ್ಥೆ ಶುರುವಾಯಿತು. ಮೊದಲ ರಜೆ ಅವನದೇ. ಸಾಹೇಬರು ತಾವೇ ಗುಂಡಿ ಒತ್ತಿ ಮಂಜೂರು ಮಾಡಿದರು. ಸಂಜೆಗೆ ರೈಲು.

ಮಧ್ಯಾಹ್ನ ಲೆಕ್ಕಪತ್ರ ವಿಭಾಗದ ಅಕ್ಕ ಬಂದಳು. ಅವಳೂ ಆಗಲೇ ರಜೆ ಹಾಕಿದ್ದಳು. "ನಿಜವಾಗ್ಲೂ ಬಿದ್ರೆ ಎದ್ದೇಳುತ್ತಾ ಇದು? ಒಂದ್ಸಲ ಬೀಳಿಸಿ ತೋರ್ಸು."

ಹಾಜರಿಯನ್ನು ಬೀಳಿಸಿದ. ಎದ್ದಿತು. ಚಪ್ಪಾಳೆ ಕೇಳಿ ಸಾಹೇಬರೂ ಬಂದರು. "ಇನ್ನೊಂದು!" ದಾಸ್ತಾನೂ ಬಿದ್ದು ಎದ್ದಿತು. ಬಲೂನು ಒಡೆಯುವ ರುಚಿ ಹತ್ತಿದ ಮಗುವಿನಂತೆ ಸಾಹೇಬರು ಕೀಲಿಮಣೆಯನ್ನೇ ಎಳೆದುಕೊಂಡರು.

"ಸಾಕು ಸಾರ್..."

"ತಡಿಯಯ್ಯಾ!"

ರಜೆಯ ಸೇವೆ ಬಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದಿತು, ಆಗತಾನೇ ಹುಟ್ಟಿದ ಕೂಸಿನಷ್ಟು ನಿರ್ಮಲವಾಗಿ.

"ಅಯ್ಯೋ, ನನ್ನ ರಜೆ ಎಲ್ಲೋ?" ಎಂದಳು ಅಕ್ಕ.

ಅವನು ಪರದೆಗೆ ಬಾಗಿ ಹುಡುಕಿದ, ಯಾರ ರಜೆಯೂ ಇರಲಿಲ್ಲ. ಉಳಿದ ಸೇವೆಗಳ ಮಾಹಿತಿಯನ್ನೆಲ್ಲ ಹೊರಗೆ ಭದ್ರವಾಗಿ ಉಳಿಯುವಂತೆ ಮಾಡಿದ್ದ. ರಜೆಯದ್ದನ್ನು ಮಾತ್ರ, ಬೇಗ ರಜೆ ಹಾಕುವ ಆತುರದಲ್ಲಿ, ಕಂಟೇನರಿನ ಒಳಗೇ ಬಿಟ್ಟಿದ್ದ. ಅದು ಸತ್ತಾಗ ನೆನಪೂ ಜೊತೆಗೇ ಹೋಗಿತ್ತು. ಎದ್ದು ನಿಂತದ್ದು ಬೇರೆಯದು.

"ಸಾರ್, ನನ್ನ ರಜೆ ನೀವೇ ಮಂಜೂರು ಮಾಡಿದ್ರಿ. ನೆನಪಿದೆಯಲ್ವಾ?"

"ನನಗಿದೆಯಪ್ಪಾ. ಅದಕ್ಕಿಲ್ವಲ್ಲ! ಮೊದ್ಲು ಎಲ್ಲರ ರಜೆ ಸರಿಮಾಡು, ಆಮೇಲೆ ನಿನ್ನದು." ಸಾಹೇಬರು ಪ್ರೀತಿಯಿಂದ ಬೆನ್ನು ತಟ್ಟಿದರು. "ಇವು ಬಿದ್ರೆ ಇನ್ನೊಂದಿದೆ. ನಿನ್ನಂಥವನು ನಮಗೆ ಇನ್ನೊಬ್ಬ ಎಲ್ಲಿದಾನೆ?"

ಮನೆಗೆ ಫೋನ್ ಮಾಡಿದ. ಬಾಯಿ ತೆರೆಯುವ ಮೊದಲೇ ಹೆಂಡತಿ ಅಂದಳು: "ಗೊತ್ತಾಯ್ತು ಬಿಡಿ. ಬಟ್ಟೆ ವಾಪಸ್ ಬೀರುವಿಗೆ ಇಡ್ತಿದೀನಿ."

"ಹಾಗಲ್ವೇ, ಕಂಪ್ಯೂಟರಿನ ನೆನಪೇ ಅಳಿಸಿಹೋಯ್ತು ಕಣೇ..."

"ಹೋಗ್ಲಿ, ರದ್ದಾದ ರಜೆಗಳ ನೆನಪೆಲ್ಲ ನನ್ನ ಹತ್ರ ಇದೆ. ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು, ಮದುವೆಯಾದ ವಾರದ್ದು. ಯಾವುದು ಬೇಕು ಹೇಳಿ."