ಗ್ಯಾಸ್ ಪೈಪಿಗೆ ಹಾಕಿದ ಹೋರಿ ಗಂಟು

ಎರಡು ಪೈಪು ಅಕ್ಕಪಕ್ಕ ಹೋಗುತ್ತಿದ್ದರೆ ಒಂದನ್ನು ಇನ್ನೊಂದಕ್ಕೆ ಕಟ್ಟದೆ ನಮ್ಮ ಜನಕ್ಕೆ ಸಮಾಧಾನವಿಲ್ಲ. ವೈರ್‌ಮನ್ ಆಗಿ ಮೂವತ್ತು ವರ್ಷ ಇದನ್ನೇ ನೋಡಿದೆ, ಇದಕ್ಕೇ ಜಗಳವಾಡಿದೆ. ಪೂರ್ತಿ ಗೆದ್ದದ್ದು ಒಂದೇ ಜಗಳ. ಅದು ಐವತ್ತರ ದಶಕದ ಕೊನೆಯಲ್ಲಿ, ಹರಿಹರದ ಒಂದು ಕಾರ್ಖಾನೆಯಲ್ಲಿ.

೧. ಮೆಣಸಿನಕಾಯಿ ಪಾಠ

ನಾನು ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷನ್ನು ಡಿಕ್ಷನರಿ ಇಟ್ಟುಕೊಂಡು ಗುದ್ದಾಡಿ ಕಲಿತವನು. ಒಂದು ಸಂಜೆ ದಾವಣಗೆರೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದಾಗ ಪೊಟ್ಟಣದ ಹಾಳೆಯ ಮೇಲೆ ಕಣ್ಣು ಬಿತ್ತು. ಕರೆಂಟಿನ ನಿಯಮಗಳ ಪುಸ್ತಕದ ಹಾಳೆ! ವೈರು ಹೋಗುವ ಕಾಂಡ್ಯೂಟ್ ಪೈಪನ್ನು ಗ್ಯಾಸ್ ಪೈಪಿಗೆ ನೇತುಹಾಕಬಾರದು, ಅದನ್ನು ಹಿಡಿದಿಡಲು ಗೋಡೆಯಲ್ಲಿ ಅದರದೇ ಕ್ಲಾಂಪು ಇರಬೇಕು ಎಂದಿತ್ತು. ಎಷ್ಟು ದೂರ ಇರಬೇಕು ಅನ್ನುವುದು ಮುಂದಿನ ಹಾಳೆಗೆ ಹೋಗಿತ್ತು.

“ಉಳಿದ ಪುಸ್ತಕ ಎಲ್ಲೈತೆ?” ಎಂದು ಅಂಗಡಿಯವನನ್ನು ಕೇಳಿದೆ.

“ಅದನ್ನ ಕೊಟ್ರೆ ಮೆಣಸಿನಕಾಯಿ ಯಾತರಾಗೆ ಕಟ್ಲಿ? ಇನ್ನೊಂದು ಪೊಟ್ಣ ತಗಳ್ರಿ, ಮುಂದಿನ ಹಾಳೆ ಬರ್ತೈತೆ.”

ಆ ಅಧ್ಯಾಯ ಮುಗಿಯುವಷ್ಟರಲ್ಲಿ ನನ್ನ ಹೊಟ್ಟೆಯೂ ಕೆಟ್ಟಿತ್ತು.

೨. ಕಟ್ಟಿದವನು

ಮರುದಿನ ಕಾರ್ಖಾನೆಯ ವೆಲ್ಡಿಂಗ್ ಶೆಡ್ಡಿನಲ್ಲಿ ಮೊದಲ ಸಲ ತಲೆಯೆತ್ತಿ ನೋಡುತ್ತೇನೆ, ಉದ್ದಕ್ಕೂ ಕಾಂಡ್ಯೂಟು ಗ್ಯಾಸ್ ಪೈಪಿಗೆ ಜೋತುಬಿದ್ದಿದೆ, ಅದೂ ಹಗ್ಗದಲ್ಲಿ! ಭಾರಕ್ಕೆ ಗ್ಯಾಸಿನ ಜಾಯಿಂಟು ಸಡಿಲವಾಗಿ, ವೈರು ಸವೆದು ಒಂದು ಕಿಡಿ ಹಾರಿದರೆ ಕೆಳಗೆ ಕೆಲಸ ಮಾಡುವ ಆರು ಜನ ವೆಲ್ಡರುಗಳು ಸುಟ್ಟುಹೋಗುತ್ತಾರೆ. ಕಟ್ಟಿದವನು ಭಾನುವಳ್ಳಿಯ ಮೇಸ್ತ್ರಿ, ಬೇಸಾಯ ಬಿಟ್ಟು ಕಾರ್ಖಾನೆಗೆ ಬಂದವನು.

“ಯಾಕಣ್ಣ ಹಿಂಗೆ ಕಟ್ಟಿದೆ?”

“ಹೆದರಬ್ಯಾಡ. ಹೋರಿ ಕಟ್ಟೋ ಗಂಟು ಹಾಕೀನಿ. ಎಂಥಾ ಹೋರಿ ಎಳೆದ್ರೂ ಬಿಚ್ಚಾಕಿಲ್ಲ.”

“ಇಲ್ಲಿ ಹೋರಿ ಎಲ್ಲೈತೆ?”

ಮೇಸ್ತ್ರಿ ಮ್ಯಾನೇಜರ್ ಸಾಹೇಬರ ಕೋಣೆಯತ್ತ ನೋಡಿ ದನಿ ತಗ್ಗಿಸಿದ: “ಐತಲ್ಲ, ಒಂದು.”

೩. ಸಾಹೇಬರ ತೀರ್ಪು

ಸಾಹೇಬರ ಮುಂದೆ ನನ್ನ ಎಣ್ಣೆ ಹಾಳೆ ಹಿಡಿದೆ. ಓದಲಿಲ್ಲ, ಮೂಸಿ ನೋಡಿದರು.

“ನೀನೇನು ಇಂಜಿನಿಯರ್ ಏನಯ್ಯಾ?”

“ಅಲ್ಲ ಸಾರ್. ಆಗಿದ್ರೆ ಓದದೇನೇ ಸಹಿ ಹಾಕ್ತಿದ್ದೆ.”

ಸಾಹೇಬರ ಮುಖ ಕೆಂಪಾಯಿತು. “ವರ್ಷದಿಂದ ಬಿದ್ದಿಲ್ಲ. ಗಟ್ಟಿಯಾಗಿದೆ. ಇನ್ನೊಂದು ಸಲ ಆ ಗ್ಯಾಸ್ ಪೈಪಿನ ಮಾತೆತ್ತಿದರೆ ಗೇಟಿನ ಆಚೆ ಇರ್ತೀಯ!”

ಆರು ಜನರ ಪ್ರಾಣಕ್ಕಿಂತ ನಾಲ್ಕು ಕ್ಲಾಂಪಿನ ಖರ್ಚು ದೊಡ್ಡದಾಯಿತು ಈ ಮನುಷ್ಯನಿಗೆ! ಮಾತೆತ್ತಬಾರದು ತಾನೆ? ಸರಿ, ಎತ್ತಲಿಲ್ಲ.

೪. ಆಯುಧಪೂಜೆ

ಆಯುಧಪೂಜೆಯ ಏರ್ಪಾಡು ಕಾರ್ಮಿಕರದು. ಆ ವರ್ಷ ಪೂಜೆ ವೆಲ್ಡಿಂಗ್ ಶೆಡ್ಡಿನಲ್ಲೇ ಎಂದು ತೀರ್ಮಾನಿಸಿದೆವು. ಸಾಹೇಬರ ಮಣೆಯನ್ನು ಮೇಸ್ತ್ರಿಯ ಗಂಟಿನ ನೇರ ಕೆಳಗೆ ನಾನೇ ಹಾಕಿದೆ. ರೇಷ್ಮೆ ಪಂಚೆಯುಟ್ಟು ಬಂದು ಕೂತರು. ಪೂಜೆಗೆ ಬಂದಿದ್ದ ಅಯ್ಯನವರು ಕರ್ಪೂರ ಹಚ್ಚಿದರು. ಸಾಹೇಬರು ಭಕ್ತಿಯಿಂದ ಕಣ್ಣು ಮೇಲಕ್ಕೆತ್ತಿದವರು ಇಳಿಸಲೇ ಇಲ್ಲ.

“ಅಯ್ಯನೋರೇ, ಆರತಿ ಬೇಡ!”

“ಆರತಿ ಇಲ್ದೆ ಪೂಜೆ ಹೆಂಗ್ರಿ?”

“ಮೇಲೆ ಗ್ಯಾಸ್ ಪೈಪು!”

ಆರೂ ವೆಲ್ಡರುಗಳು ಒಟ್ಟಿಗೆ ಅಂದರು: “ಗಟ್ಟಿ ಐತೆ ಸಾರ್. ವರ್ಷದಿಂದ ಬಿದ್ದಿಲ್ಲ. ಕೂಡ್ರಿ, ಕೂಡ್ರಿ!”

ಅಯ್ಯನವರು ತಟ್ಟೆ ಹಿಡಿದು ಒಂದು ಹೆಜ್ಜೆ ಮುಂದಿಟ್ಟರು. ಸಾಹೇಬರು ಪಂಚೆ ಎತ್ತಿ ಹಿಡಿದು ಒಂದೇ ಓಟಕ್ಕೆ ಬಾಗಿಲಾಚೆ ಸೇರಿ, ಅಲ್ಲಿಂದಲೇ ಕೂಗಿದರು: “ಕ್ಲಾಂಪು ತರಿಸ್ರೋ!”

ಹಬ್ಬಕ್ಕೆಂದು ಹಿಂದಿನ ದಿನವೇ ಗ್ಯಾಸು ಬಂದ್ ಮಾಡಿ ಪೈಪು ಖಾಲಿ ಮಾಡಿದ್ದೆವು. ಇಡೀ ಕಾರ್ಖಾನೆಗೆ ಗೊತ್ತಿತ್ತು, ಸಾಹೇಬರಿಗೆ ಮಾತ್ರ ಗೊತ್ತಿರಲಿಲ್ಲ. ಹೇಳಬಹುದಿತ್ತು. ಆದರೆ ಗ್ಯಾಸ್ ಪೈಪಿನ ಮಾತೆತ್ತಬಾರದೆಂದು ಅವರದೇ ಹುಕುಂ ಇತ್ತಲ್ಲ!

ಮೂರನೇ ದಿನ ಕ್ಲಾಂಪು ಬಂದವು. ಕಾಂಡ್ಯೂಟು ಗೋಡೆ ಸೇರಿತು. ಮೇಸ್ತ್ರಿ ಏಣಿ ಹತ್ತಿ ತನ್ನ ಗಂಟಿನೊಂದಿಗೆ ಹೆಣಗಾಡಿ, ಬಿಚ್ಚಲಾಗದೆ ಕೊನೆಗೆ ಕುಡುಗೋಲಿನಲ್ಲಿ ಕೊಯ್ದ. ಕೆಳಗಿಳಿದು ತುಂಡು ಹಗ್ಗವನ್ನು ನನ್ನ ಮುಖಕ್ಕೆ ಹಿಡಿದು ಹೆಮ್ಮೆಯಿಂದ ಅಂದ:

“ನೋಡು, ನನ್ನ ಗಂಟು ಬಿಚ್ಚಲಿಲ್ಲ. ಓಡಿಹೋಗಿದ್ದು ಹೋರಿ.”