ಹನ್ನೊಂದು ಗಂಟೆಯ ಕರೆಂಟು ಮತ್ತು ಶಾಲೆಯ ಕಂಪ್ಯೂಟರು

ನಮ್ಮ ಶಾಲೆಯ ಎರಡು ಕಂಪ್ಯೂಟರುಗಳು ಎರಡು ತಿಂಗಳು ಸುಮ್ಮನೆ ಕುಳಿತದ್ದು ಕರೆಂಟಿಲ್ಲದೆ ಅಲ್ಲ, ಕಲಿಸುವವರಿಲ್ಲದೆ ಅಲ್ಲ, ಹುಡುಗರು ದಡ್ಡರೆಂದೂ ಅಲ್ಲ. ನಮ್ಮ ಓಣಿಯ ದೊಡ್ಡವರ ಗಂಟಲಿನಿಂದ. ಅದರಲ್ಲೂ ಒಂದು ಗಂಟಲು ಉಳಿದವುಗಳಿಗಿಂತ ದೊಡ್ಡದು. ಬನಹಟ್ಟಿಯಲ್ಲಿ ಈ ವಿಷಯವನ್ನು ಬೇರೆ ಬೇರೆ ಥರ ಹೇಳುವವರಿದ್ದಾರೆ, ಹೇಳಿಕೊಳ್ಳಲಿ. ನಾನು ಎರಡೂ ಮೀಟಿಂಗಿನಲ್ಲಿ ಎಲ್ಲರಿಗಿಂತ ಮುಂದೆ ಕುಳಿತಿದ್ದವಳು.

ನನ್ನನ್ನು ಯಾಕೆ ಕರೆದರು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆ. ಅದನ್ನು ಪೂರ್ತಿ ಮುಗಿಸಿದೆನೋ ಇಲ್ಲವೋ ಎಂಬುದರ ಬಗ್ಗೆ ನನಗೂ ನನ್ನ ತಮ್ಮನಿಗೂ ಇವತ್ತಿಗೂ ಜಗಳವಿದೆ. ಒಂದು ದಿನ ಹೆಡ್ಮಾಸ್ತರರು ಕೈಯಲ್ಲಿ ಒಂದು ಉದ್ದನೆಯ ಫಾರ್ಮು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಶಾಲೆಯಲ್ಲಿ ಕಂಪ್ಯೂಟರನ್ನು ಹೇಗೆ ಬಳಸಬೇಕೆಂಬ ಯೋಜನೆಯನ್ನು ಬರೆದು ಮೇಲಕ್ಕೆ ಕಳಿಸಬೇಕಂತೆ. ಅದರಲ್ಲಿ ಶಿಕ್ಷಕರ ಅಭಿಪ್ರಾಯಕ್ಕೆ ಒಂದು ಚೌಕ, ವ್ಯಾಪಾರಸ್ಥರ ಅಭಿಪ್ರಾಯಕ್ಕೆ ಒಂದು ಚೌಕ, ಸಮುದಾಯದ ಅಭಿಪ್ರಾಯಕ್ಕೆ ಒಂದು ಚೌಕ. "ಸಮುದಾಯದಾಗ ಒಬ್ಬ ಹೆಣ್ಮಗಳು ಇರಬೇಕಂತ್ರಿ ಆಯಿ. ನೀವು ಬರ್ರಿ" ಎಂದರು. ಇಷ್ಟು ದೊಡ್ಡ ಓಣಿಯಲ್ಲಿ ನಾನೇ ಯಾಕೆ ಎಂದು ಕೇಳಿದೆ. ನನ್ನ ಅನುಭವ, ಹಿರಿತನ ಅಂತ ಏನಾದರೂ ಹೇಳುತ್ತಾರೆಂದುಕೊಂಡಿದ್ದೆ. "ನಿಮ್ಮ ಮನಿ ಸಾಲಿಗೆ ಹತ್ತಿ ಐತ್ರಿ, ಕರಿಯಾಕ ಸಲೀಸು" ಎಂದರು. ಅದೂ ಖರೆ. ನಮ್ಮ ಹಿತ್ತಲ ಗೋಡೆಯೇ ಶಾಲೆಯ ಗೋಡೆ. ಗೋಡೆಯ ಬುಡದಲ್ಲಿ ಒಂದು ಕಲ್ಲಿದೆ. ಅದರ ಮೇಲೆ ನಿಂತು ಕೂಗಿದರೆ ಏಳನೇ ಇಯತ್ತೆಯ ಕೊನೆಯ ಬೆಂಚಿಗೂ ಕೇಳುತ್ತದೆ.

ಮೊದಲ ಮೀಟಿಂಗು ಬೆಳಿಗ್ಗೆ ಹತ್ತಕ್ಕೆ. ಚಹಾ ಮತ್ತು ಚುರುಮುರಿ ಚೂಡಾ ಇತ್ತು, ಹಾಗಾಗಿ ಜನ ಬಂದಿದ್ದರು. ವ್ಯಾಪಾರಸ್ಥರ ಚೌಕಕ್ಕೆ ನೂಲಿನ ಸಾವಕಾರರನ್ನು ಕರೆಸಿದ್ದರು. ನಮ್ಮ ಓಣಿಯ ಮಗ್ಗಗಳಿಗೆಲ್ಲ ನೂಲು ಅವರ ಅಂಗಡಿಯಿಂದಲೇ ಬರುವುದು. ಆದ್ದರಿಂದ ಅವರು ಏನು ಹೇಳಿದರೂ ನಾವು ಮೊದಲು ತಲೆ ಅಲ್ಲಾಡಿಸಿ ಆಮೇಲೆ ಕೇಳುತ್ತೇವೆ. ಸಾವಕಾರರು ಎದ್ದು ನಿಂತು, "ನನ್ನ ಅಂಗಡ್ಯಾಗಿನ ಎರಡು ಕಂಪ್ಯೂಟರ್ ಕೊಡ್ತೇನ್ರಿ. ಆದ್ರ ಎರಡು ತಿಂಗಳಿಗೆ ಬಂದು ನೋಡಾಂವ ನಾನು. ಹುಡುಗ್ರು ಕಲಿಯಾಕತ್ತಿದ್ರ ಸಾಲಿಗೇ ಇರ್ಲಿ. ಧೂಳಾ ತಿನ್ಕೋತ ಕುಂತಿದ್ವು ಅಂದ್ರ ಟೆಂಪೋ ತಂದು ಜಮಖಂಡಿ ಅಂಗಡಿಗೆ ಒಯ್ತೇನಿ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಯ್ಯುತ್ತೇನೆ ಎಂದದ್ದಕ್ಕೆ ತಟ್ಟಿದರೋ ಕೊಡುತ್ತೇನೆ ಎಂದದ್ದಕ್ಕೆ ತಟ್ಟಿದರೋ ನನಗೆ ತಿಳಿಯಲಿಲ್ಲ. ಶಾಲೆಯ ಸಮಿತಿಯ ಅಧ್ಯಕ್ಷ ಈರಪ್ಪ ಮಷಿನ್ನಿಗೆ ಹೊದಿಸಲು ನೂಲು ತಪ್ಪಿದ ಎರಡು ಸೀರೆ ಕೊಡುವುದಾಗಿ ಹೇಳಿದ. ಅವನ ಮಗ್ಗದಲ್ಲಿ ಅಂಥ ಸೀರೆಗಳಿಗೆ ಬರವಿಲ್ಲ.

ಆಮೇಲೆ ಹೆಡ್ಮಾಸ್ತರರು, "ಹಗಲಹೊತ್ತು ಕರೆಂಟ್ ಯಾವಾಗ ಇರತೈತ್ರಿ? ಅದನ್ನ ನೋಡಿ ಕಂಪ್ಯೂಟರ್ ತಾಸು ಇಡೋಣು" ಎಂದು ಕೇಳಿದರು. ಇಂಥ ಪ್ರಶ್ನೆಯನ್ನು ನೇಕಾರರ ಓಣಿಯಲ್ಲಿ ಕೇಳಬಾರದು. ನಮ್ಮಲ್ಲಿ ಸೊಸೆಯ ಹುಟ್ಟಿದ ದಿನ ಗೊತ್ತಿಲ್ಲದವರಿಗೂ ಕರೆಂಟು ಬರುವ ಹೊತ್ತು ಗೊತ್ತು. ನನ್ನ ಗಂಡ ಇದ್ದಾಗ ಕೈಮಗ್ಗವಿತ್ತು, ಅದು ಕಾಲು ಹೇಳಿದಂತೆ ಕೇಳುತ್ತಿತ್ತು. ಈಗಿನ ಮಗ್ಗ ಕರೆಂಟು ಹೇಳಿದಂತೆ ಕೇಳುತ್ತದೆ, ನಾವು ಮಗ್ಗ ಹೇಳಿದಂತೆ ಕೇಳುತ್ತೇವೆ. ಇಪ್ಪತ್ತು ಜನ ಒಟ್ಟಿಗೆ ಬಾಯಿ ತೆರೆದರು. ನಾನು ಎಲ್ಲರನ್ನೂ ಸುಮ್ಮನಿರಿಸಿ, "ಹನ್ನೊಂದಕ್ಕ ಬರತೈತಿ, ಎರಡಕ್ಕ ಹೋಗತೈತಿ. ಬರಕೋರಿ" ಎಂದೆ. ಹೆಡ್ಮಾಸ್ತರರು ಬರೆದುಕೊಂಡರು. ಏಳನೇ ಇಯತ್ತೆಗೆ ದಿನಾಲೂ ಹನ್ನೊಂದಕ್ಕೆ ಕಂಪ್ಯೂಟರು. ಸಮುದಾಯದ ಚೌಕ ತುಂಬಿತು. ನಾನು ಸಹಿ ಮಾಡಲು ಪೆನ್ನು ಹಿಡಿದಿದ್ದೆನಷ್ಟೆ, ಆ ದಿನ ಕರೆಂಟು ಇಪ್ಪತ್ತು ನಿಮಿಷ ಮೊದಲೇ ಬಂತು. ಓಣಿಯ ತುದಿಯಲ್ಲಿ ಒಂದು ಮಗ್ಗ ಖಟಖಟ ಎಂದಿತು, ಮತ್ತೊಂದು ಸೇರಿತು. ಅಷ್ಟೇ, ಸಮುದಾಯ ಎದ್ದು ಓಡಿತು. ಈರಪ್ಪ ಒಂದು ಚಪ್ಪಲಿ ಬಿಟ್ಟು ಓಡಿದ. ನಾನು ಹೆಸರಿನ ಅರ್ಧ ಬರೆದು ಓಡಿದೆ. ಕೊನೆಗೆ ಉಳಿದದ್ದು ಹೆಡ್ಮಾಸ್ತರರು, ಸಾವಕಾರರು ಮತ್ತು ಅರ್ಧ ಬುಟ್ಟಿ ಚೂಡಾ. ಯೋಜನೆಯ ಗತಿ ಏನೆಂದು ಆಗಲೇ ತಿಳಿಯಬೇಕಿತ್ತು. ಆದರೆ ಓಡುವವರಿಗೆ ತಿಳಿಯುವುದು ಹೇಗೆ?

ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯೊಳಗೆ ನೂಲು ಸುತ್ತಿದ ಒಂದು ಸಣ್ಣ ಕೋಲು ಕೂಡುತ್ತದೆ, ಅದಕ್ಕೆ ಕಂಡಿಕೆ ಎನ್ನುತ್ತೇವೆ. ಮಗ್ಗ ಅದನ್ನು ಕಡಲೆಯಂತೆ ತಿನ್ನುತ್ತದೆ. ಕಂಡಿಕೆ ಸುತ್ತುವ ಮಷಿನ್ನೂ ಕರೆಂಟಿನದೇ. ಮಗ್ಗ ನಡೆಯುವಾಗಲೇ ಇದೂ ನಡೆಯಬೇಕು, ಇದರ ಮುಂದೆ ಒಬ್ಬರು ಕೂಡಬೇಕು. ನಮ್ಮ ಮನೆಯಲ್ಲಿ ಆ ಒಬ್ಬರು ಮೊಮ್ಮಗಳು ಸವಿತಾ, ಏಳನೇ ಇಯತ್ತೆ. ಕರೆಂಟು ಬಂದ ಕೂಡಲೇ ಮಗ ಮಲ್ಲೇಶಿ ಒಳಗಿನಿಂದ, "ಯವ್ವಾ, ಕಂಡಿಕಿ!" ಎನ್ನುತ್ತಿದ್ದ. ನಾನು ಕಲ್ಲು ಹತ್ತಿ, "ಏ ಸವಿತಾ!" ಎನ್ನುತ್ತಿದ್ದೆ. ಅವಳು ಬರುತ್ತಿದ್ದಳು. ಇದು ಕಂಪ್ಯೂಟರು ಬರುವ ಮೊದಲಿನಿಂದಲೂ ನಡೆದುಬಂದದ್ದು, ಬಂದ ಮೇಲೂ ನಡೆಯಿತು. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಮಷಿನ್ನಿನ ಪಕ್ಕದಲ್ಲಿದ್ದ ನೂಲಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಅವಳು ಸೀಮೆಸುಣ್ಣದಿಂದ ಸಣ್ಣ ಸಣ್ಣ ಮನೆಗಳನ್ನು ಬರೆದು, ಒಂದೊಂದರಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರ ಬರೆದುಕೊಂಡಿದ್ದಳು. ಒಂದು ಕೈ ನೂಲಿನ ಮೇಲೆ, ಇನ್ನೊಂದು ಕೈಯ ಬೆರಳು ಆ ಮನೆಗಳ ಮೇಲೆ. ಇದೆಂಥ ಆಟವೋ ಎಂದುಕೊಂಡು, ನೂಲಿಗೆ ಸುಣ್ಣ ಹತ್ತುತ್ತದೆಂದು ಒರೆಸಿದೆ. ಮತ್ತೆ ಬರೆದಳು. ಮತ್ತೆ ಒರೆಸಿದೆ.

ಎರಡು ತಿಂಗಳಿಗೆ ಸರಿಯಾಗಿ ಸಾವಕಾರರು ಬಂದರು, ಎರಡನೇ ಮೀಟಿಂಗು ಕೂಡಿತು. ಈ ಸಲ ಚೂಡಾ ಇರಲಿಲ್ಲ. ಈರಪ್ಪನ ಸೀರೆಗಳನ್ನು ತೆಗೆದು ನೋಡಿದರೆ ಕಂಪ್ಯೂಟರುಗಳು ಬಂದ ದಿನ ಹೇಗಿದ್ದವೋ ಹಾಗೇ ಇದ್ದವು. "ಇಪ್ಪತ್ತೆಂಟು ಹುಡುಗ್ರು, ಹನ್ನೊಂದಕ್ಕ ಆರು ಮಂದಿ ಉಳೀತಾರ್ರಿ. ಆರು ಮಂದಿಗೆ ಏನ್ ಕಲಿಸ್ಲಿ?" ಎಂದರು ಹೆಡ್ಮಾಸ್ತರರು. ಸಾವಕಾರರು ಹೊರಗೆ ನಿಲ್ಲಿಸಿದ್ದ ಟೆಂಪೋ ಕಡೆ ನೋಡಿದರು. ನನಗೆ ಸಿಟ್ಟು ಬಂತು. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ: "ನಾಚಿಕಿ ಬರಬೇಕು ನಿಮಗ! ಹುಡುಗ್ರನ್ನ ತಂದು ಮಗ್ಗಕ್ಕ ಕಟ್ಟೀರಿ. ಸಾವಕಾರ್ರು ಬಂಗಾರದಂಥ ಮಷಿನ್ ಕೊಟ್ಟಾರ, ಅದರ ಮುಂದ ಕೂಡ್ರಾಕ ಒಂದ ತಾಸು ಬಿಡಾಕ ಆಗಂಗಿಲ್ಲ ನಿಮಗ? ಈರಪ್ಪ, ಮೊದಲ ನಿನ್ನ ಮಗನ್ನ ಕಳಸು!"

"ನನ್ನ ಮಗಾ ಆ ಆರು ಮಂದ್ಯಾಗ ಅದಾನ ಆಯಿ" ಎಂದ ಈರಪ್ಪ. "ಬಾಯಿ ಬಡೀಬ್ಯಾಡ. ಮಾಸ್ತರು ಹಾಜರಿ ಓದಲಿ."

ಹೆಡ್ಮಾಸ್ತರರು ಎಲ್ಲರಿಗಿಂತ ಹೆಚ್ಚು ತಪ್ಪಿಸಿದವರ ಹೆಸರನ್ನು ಮೊದಲು ಓದಿದರು. ಸವಿತಾ. ಕಂಪ್ಯೂಟರ್ ತಾಸಿಗೆ ಒಂದು ದಿನವೂ ಹಾಜರಿಲ್ಲ. ಅವಳನ್ನು ಕರೆಸಿ ನಿಲ್ಲಿಸಿದರು. "ಯಾಕವ್ವಾ, ಕಂಪ್ಯೂಟರ್ ಅಂದ್ರ ಅಂಜಿಕಿ ಏನ?" ಎಂದು ಸಾವಕಾರರು ಕೇಳಿದರು.

"ಇಲ್ರಿ. ನಮ್ಮ ಆಯಿ ಕರೀತಾಳ್ರಿ."

"ಎಲ್ಲಿಂದ?"

"ಗ್ವಾಡಿ ಮ್ಯಾಲಿಂದ್ರಿ." ಮತ್ತೊಂದು ಮಾತನ್ನೂ ಸೇರಿಸಿದಳು. "ಆಕಿ ಕೂಗಿದ್ದ ಕೇಳಿ ಉಳಿದವ್ರೂ ಎದ್ದು ಹೋಗ್ತಾರ್ರಿ. ಕರೆಂಟ್ ಬಂದೈತಿ ಅಂತ ಅವ್ರಿಗೆ ಅದರಿಂದನ ಗೊತ್ತಾಗೂದ್ರಿ."

ನಗಬೇಕಾದವರೆಲ್ಲ ನಕ್ಕರು. ಹೆಡ್ಮಾಸ್ತರರು ಮಾತ್ರ ನಗದೆ ಫಾರ್ಮು ತೆಗೆದು, "ಈಗ ಸಮುದಾಯದ ಅಭಿಪ್ರಾಯ ಏನ್ ಬರೀಲಿ ಆಯಿ?" ಎಂದರು. "ಸಮುದಾಯಕ್ಕ ಗಂಟಲ ಕಟ್ಟೈತಿ ಅಂತ ಬರೀರಿ" ಎಂದು ಕುಳಿತುಬಿಟ್ಟೆ. ಸಾವಕಾರರು ಎಂಟು ದಿನ ವಾಯಿದೆ ಕೊಟ್ಟು ಟೆಂಪೋ ತಿರುಗಿಸಿದರು. ನೂಲಿನ ಪೆಟ್ಟಿಗೆಯ ಮೇಲಿಂದ ಅಲ್ಲಿಯವರೆಗೂ ನಾನು ಒರೆಸಿದ್ದು ಏನು ಎಂಬುದು ನನಗೆ ತಿಳಿದಿರಲಿಲ್ಲ. ಕಂಪ್ಯೂಟರಿನ ಗುಂಡಿಗಳನ್ನು ಹತ್ತಿರದಿಂದ ನೋಡಿದ್ದು ಆ ದಿನವೇ: ಅವೇ ಸಣ್ಣ ಮನೆಗಳು, ಅವೇ ಅಕ್ಷರಗಳು.

ಮರುದಿನ ಹೊತ್ತು ಹುಟ್ಟುವ ಮೊದಲೇ ಎದ್ದು ಅಟ್ಟದ ಮೇಲಿನ, ಕೈಯಿಂದ ತಿರುವಿ ನೂಲು ಸುತ್ತುವ ಹಳೆಯ ಕೈರಾಟಿ ಇಳಿಸಿದೆ. ಕಂಡಿಕೆಯನ್ನು ಕರೆಂಟಿಲ್ಲದೆಯೂ ಸುತ್ತಬಹುದು, ಮದುವೆಯಾದಾಗಿನಿಂದ ಸುತ್ತಿದವಳು ನಾನೇ. ಮಷಿನ್ನು ಬಂದ ಮೇಲೆ ಮನೆಯಲ್ಲಿ ಯಾರಿಗೂ ಅದು ನೆನಪಿರಲಿಲ್ಲ, ನನಗೂ ಇರಲಿಲ್ಲ. ಚಕ್ರದ ದಾರ ಹೆಗ್ಗಣದ ಪಾಲಾಗಿತ್ತು, ಲಂಗದ ಲಾಡಿ ಕಟ್ಟಿದೆ. ಹನ್ನೊಂದರೊಳಗೆ ಒಂದು ಬುಟ್ಟಿ ಕಂಡಿಕೆಯಾಯಿತು. ಮಲ್ಲೇಶಿ ಒಂದನ್ನು ಒತ್ತಿ ನೋಡಿ, "ಸಡ್ಲ ಆಗ್ಯಾವ ಬೇ ಯವ್ವಾ" ಎಂದ. "ನಿಮ್ಮಪ್ಪ ಇವನ್ನ ಹಾಕಿ ನೇಯ್ದಾನ. ನೀನೂ ನೇಯಿ" ಎಂದೆ.

ಹನ್ನೊಂದಕ್ಕೆ ಕರೆಂಟು ಬಂತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಶುರುವಾದವು. ನೋಡುತ್ತೇನೆ, ನಾನು ಕಲ್ಲಿನ ಮೇಲೆ ನಿಂತಿದ್ದೇನೆ, "ಏ ಸವಿತಾ!" ಎಂಬುದು ಆಗಲೇ ಬಾಯಿಂದ ಹೊರಟುಹೋಗಿದೆ. ಕಂಪ್ಯೂಟರಿನ ಕೋಣೆಯ ಕಿಟಕಿಯಲ್ಲಿ ಅವಳ ಮುಖ ಕಂಡಿತು, ಹಿಂದೆ ಹತ್ತು ಮುಖ, ಎಲ್ಲರ ಹಿಂದೆ ಹೆಡ್ಮಾಸ್ತರರು. ಆಗಲೇ ಇಬ್ಬರು ಪಾಟಿಚೀಲ ಹೆಗಲಿಗೆ ಹಾಕಿಕೊಂಡಿದ್ದರು.

"ಬರಬೇಕೇನ ಆಯಿ?"

"ಏನಿಲ್ಲ. ಅಲ್ಲೇ ಕೂಡು. ಹೊರಗ ಬಂದೆಂದ್ರ ಕಾಲ ಮುರೀತೇನಿ. ಉಳಿದವ್ರಿಗೂ ಅಷ್ಟ."

ಕೆಳಗೆ ಇಳಿದು ಆ ಕಲ್ಲನ್ನು ಉರುಳಿಸಿಕೊಂಡು ಹೋಗಿ ಬಚ್ಚಲ ಹತ್ತಿರ ಹಾಕಿದೆ. ಅಲ್ಲಿಗೆ ಹೋಗುವಷ್ಟರಲ್ಲಿ ಎರಡು ಸಲ ಕುಳಿತೆ. ಬಟ್ಟೆ ಒಗೆಯಲಿಕ್ಕೆ ಛಲೋ ಕಲ್ಲು.